ಬಿದರಿಯ ಹೆಸರಿಗೆ ಕಾವಲುಗಾರರಾರು?

ಹೊಲದ ಬದುವನ್ನು ನೆರೆಯವನು ಒಂದು ಮೊಳ ಒತ್ತಿದರೆ ನಮ್ಮ ರೈತನು ಅಂದೇ ಎದ್ದು ತಾಲೂಕಿನ ಕಚೇರಿಗೂ ವಕೀಲರ ಮನೆಗೂ ನಡೆಯುವನು. ಮನೆಯ ಗೋಡೆ, ಬಾವಿಯ ಪಾಲು, ಬಂಡಿಯ ದಾರಿ ಇವುಗಳ ಸಲುವಾಗಿ ತಲೆಮಾರುಗಟ್ಟಲೆ ಖಟ್ಲೆ ನಡೆಸುವ ಛಲವು ನಮ್ಮ ಜನರಲ್ಲಿ ಕಡಿಮೆಯಿಲ್ಲ. ಆದರೆ ಅದೇ ರೈತನ ಬೆಳೆಯ ಹೆಸರನ್ನೋ, ಕಸಬುದಾರನ ಕೈಕೆಲಸದ ಕೀರ್ತಿಯನ್ನೋ, ವರ್ತಕನ ಅಂಗಡಿಯ ಗುರುತನ್ನೋ ಪರಸ್ಥಳದವನೊಬ್ಬನು ಎತ್ತಿಕೊಂಡು ತನ್ನ ಮಾಲಿಗೆ ಹಚ್ಚಿ ಮಾರಿದರೆ, ‘ದೇವರು ನೋಡಿಕೊಳ್ಳುವನು’ ಎಂದು ಸುಮ್ಮನೆ ಕುಳಿತುಬಿಡುವೆವು. ಕಣ್ಣಿಗೆ ಕಾಣುವ ಆಸ್ತಿಯು ಆಸ್ತಿ, ಕಾಣದ್ದು ಆಸ್ತಿಯಲ್ಲ ಎಂಬ ಹಳೆಯ ಭಾವನೆಯೇ ಇದಕ್ಕೆ ಕಾರಣವು. ಈ ಭಾವನೆಯಿಂದ ನಮ್ಮ ಸೀಮೆಗೆ ಆಗುತ್ತಿರುವ ಹಾನಿಯನ್ನು ಕುರಿತು ನಾಲ್ಕು ಮಾತುಗಳನ್ನು ಇಂದು ನಮ್ಮ ವಾಚಕರ ಮುಂದಿಡಲು ಬಯಸುವೆವು.

ಕಲ್ಯಾಣದ ನಾಡಿನವರಾದ ನಮಗೆ ಹೆಸರಿನ ಬೆಲೆಯು ತಿಳಿಯದ ಮಾತಲ್ಲ. ಹನ್ನೆರಡನೆಯ ಶತಮಾನದ ಶರಣರು ತಮ್ಮ ತಮ್ಮ ವಚನಗಳಲ್ಲಿ ತಮ್ಮದೇ ಆದ ಅಂಕಿತವನ್ನಿಟ್ಟರು. ಆ ಅಂಕಿತದಿಂದಲೇ ಇದು ಬಸವಣ್ಣನವರ ಮಾತು, ಇದು ಅಲ್ಲಮಪ್ರಭುಗಳ ಮಾತು, ಇದು ಅಕ್ಕಮಹಾದೇವಿಯವರ ಮಾತು ಎಂದು ಎಂಟುನೂರು ವರ್ಷಗಳ ತರುವಾಯವೂ ನಾವು ಗುರುತಿಸುತ್ತಿರುವೆವು. ಪೇಟೆಯಲ್ಲಿ ಮಾಲಿನ ಮೇಲಿನ ಚಿಹ್ನೆಯೂ ಇದೇ ಕೆಲಸವನ್ನು ಮಾಡುವದು. ಮಾಡಿದವನಾರು, ಎಲ್ಲಿಯವನು ಎಂಬದನ್ನು ಕೊಳ್ಳುವವನಿಗೆ ಅದು ತಿಳಿಸುವದು. ಇಂಥ ಹಕ್ಕುಗಳಿಗೆಲ್ಲ ಈಗಿನ ಕಾಯಿದೆಯಲ್ಲಿ ಬೌದ್ಧಿಕ ಸ್ವತ್ತು ಎಂದು ಹೆಸರು. ಹೊಸ ಯಂತ್ರಕ್ಕೂ ವಿಧಾನಕ್ಕೂ ಪೇಟೆಂಟು, ಮಾಲಿನ ಗುರುತಿಗೆ ಟ್ರೇಡ್‌ಮಾರ್ಕು, ವಸ್ತುವಿನ ಆಕಾರ ಅಲಂಕಾರಗಳಿಗೆ ವಿನ್ಯಾಸದ ಹಕ್ಕು, ಗ್ರಂಥ ಚಿತ್ರ ಸಂಗೀತಗಳಿಗೆ ಕೃತಿಸ್ವಾಮ್ಯ, ಒಂದು ಸೀಮೆಯ ಹೆಸರಿನಿಂದ ಪ್ರಸಿದ್ಧವಾದ ಮಾಲಿಗೆ ಭೌಗೋಳಿಕ ಸೂಚಕ, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಕಾಯಿದೆ, ಬೇರೆ ಬೇರೆ ಮುದ್ದತು. ಈ ವಿಷಯದಲ್ಲಿ ನುರಿತ ವಕೀಲರನ್ನು ಸಕಾಲದಲ್ಲಿ ನೇಮಿಸಿಕೊಳ್ಳುವದು ಬೀದರ ಜಿಲ್ಲೆಯ ಕಸಬುದಾರರಿಗೂ, ಬಸವಕಲ್ಯಾಣ, ಹುಮನಾಬಾದ, ಮುಡಬಿಗಳ ವರ್ತಕರಿಗೂ ಇಂದು ಅವಶ್ಯವಾಗಿರುವದೆಂದೂ, ಒಬ್ಬೊಬ್ಬರಿಂದಾಗದ ಈ ಕೆಲಸವನ್ನು ಸಂಘದ ಮೂಲಕ ಮಾಡಬೇಕೆಂದೂ ನಮ್ಮ ಅಭಿಪ್ರಾಯವು.

ಮೊದಲು ಬಿದರಿಯನ್ನೇ ತೆಗೆದುಕೊಳ್ಳೋಣ. ಬಹಮನಿ ಸುಲ್ತಾನರ ಕಾಲದಿಂದ ಬೀದರಿನಲ್ಲಿ ಬೆಳೆದು ಬಂದ ಈ ಕಲೆಯ ಕ್ರಮವು ಜಗತ್ತಿನಲ್ಲಿಯೇ ಅಪೂರ್ವವಾದದ್ದು. ಹೆಚ್ಚಿನ ಪಾಲು ಸತುವು, ಸ್ವಲ್ಪ ಪಾಲು ತಾಮ್ರ ಇವುಗಳನ್ನು ಕರಗಿಸಿ ಎರಕ ಹೊಯ್ದು, ಮೈಯನ್ನು ನಯಮಾಡಿ, ಉಳಿಯಿಂದ ಬಳ್ಳಿ ಹೂಗಳನ್ನು ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೂ ತಗಡನ್ನೂ ಕೂಡಿಸುವರು. ಕೊನೆಗೆ ಬೀದರ ಕೋಟೆಯ ಹಳೆಯ ಭಾಗದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಾಯಿಸಿ ಅದರಲ್ಲಿ ಅದ್ದಿದರೆ ಲೋಹವು ಕಪ್ಪಾಗುವದು, ಬೆಳ್ಳಿಯು ಮಾತ್ರ ಬೆಳ್ಳಗೆಯೇ ಉಳಿಯುವದು. ಆ ಮಣ್ಣಿನ ಗುಣವನ್ನು ನಾಲಗೆಯಿಂದ ರುಚಿ ನೋಡಿ ತಿಳಿಯುವ ಕಸಬುದಾರರು ಇಂದಿಗೂ ಇರುವರು. ಈ ಕಲೆಯ ಹಿರಿಯರಾದ ಶಾಹ್ ರಶೀದ್ ಅಹ್ಮದ್ ಕಾದ್ರಿಯವರಿಗೆ ಭಾರತ ಸರಕಾರವು 2023ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿದ್ದು ನಮ್ಮ ಜಿಲ್ಲೆಗೆಲ್ಲ ಅಭಿಮಾನದ ಸಂಗತಿಯು.

ಈ ಬಿದರಿಗೆ 2006ರಲ್ಲಿಯೇ ಭೌಗೋಳಿಕ ಸೂಚಕದ ನೋಂದಣಿಯು ದೊರೆತಿದೆ. ನೋಂದಣಿ ಮಾಡಿಸಿದವರು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದವರು. 1999ರಲ್ಲಿ ಪಾಸಾಗಿ 2003ರ ಸೆಪ್ಟೆಂಬರ 15ರಿಂದ ಜಾರಿಗೆ ಬಂದ ಕಾಯಿದೆಯ ಫಲವಿದು. ನೆರೆಯ ಕಲಬುರಗಿಯ ತೊಗರಿಬೇಳೆಗೂ 2019ರಲ್ಲಿ ಇದೇ ಮನ್ನಣೆಯು ಬಂದಿತು. ಇವುಗಳಿಂದ ನಮಗೆ ಸಂತೋಷವಾಗಿದೆ. ಆದರೆ ನೋಂದಣಿಯ ದಿನ ಹಾರ ತುರಾಯಿಗಳನ್ನು ಹಾಕಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿದಲ್ಲಿಗೆ ಕೆಲಸವು ಮುಗಿಯಿತೆಂದು ತಿಳಿಯುವದು ದೊಡ್ಡ ಭ್ರಮೆಯು. ಈ ಕಾಯಿದೆಯು ರಕ್ಷಿಸುವದು ಹೆಸರನ್ನು ಮಾತ್ರ, ಕಲೆಯ ವಿಧಾನವನ್ನಲ್ಲ. ಕರಿಯ ಲೋಹದ ಮೇಲೆ ಬಿಳಿಯ ಗೆರೆಯ ಸಾಮಾನನ್ನು ಯಾರೂ ಮಾಡಬಹುದು. ಅದನ್ನು ಬಿದರಿಯೆಂದು ಕರೆದು ಮಾರಿದಾಗ ಮಾತ್ರ ಕಾಯಿದೆಯು ಅಡ್ಡ ಬರುವದು. ಅಡ್ಡ ಬರುವದೂ ತಾನಾಗಿ ಅಲ್ಲ. ಯಾರಾದರೂ ಫಿರ್ಯಾದಿ ಕೊಡಬೇಕು, ಸಾಕ್ಷಿ ಒದಗಿಸಬೇಕು, ತಡೆಯಾಜ್ಞೆ ಕೇಳಬೇಕು. ಸುಳ್ಳು ಸೂಚಕವನ್ನು ಹಚ್ಚಿದವನಿಗೆ ಸೆರೆವಾಸದ ಶಿಕ್ಷೆಯೂ ಇದೆ. ಆದರೆ ಅವನನ್ನು ನ್ಯಾಯಾಸನದ ಮುಂದೆ ನಿಲ್ಲಿಸುವ ಭಾರವು ಹಕ್ಕುಳ್ಳವರ ಮೇಲೆಯೇ ಬೀಳುವದು.

ಇಲ್ಲಿ ಕಸಬುದಾರರು ತಿಳಿಯಬೇಕಾದ ಮುಖ್ಯವಾದ ಮಾತೊಂದಿದೆ. ನೋಂದಣಿಯ ಸ್ವಾಮ್ಯವು ನಿಗಮದ ಹೆಸರಿನಲ್ಲಿದ್ದರೂ, ಬಿದರಿಯನ್ನು ಮಾಡುವ ಪ್ರತಿಯೊಬ್ಬ ಕಸಬುದಾರನೂ ತಾನು ಅಧಿಕೃತ ಬಳಕೆದಾರನೆಂದು ಅದೇ ಪುಸ್ತಕದಲ್ಲಿ ಬೇರೆಯಾಗಿ ಹೆಸರು ಬರೆಸಿಕೊಳ್ಳಬಹುದು. ಹಾಗೆ ಬರೆಸಿಕೊಂಡವನಿಗೆ ಆ ಸೂಚಕವನ್ನು ತನ್ನ ಮಾಲಿಗೆ ಹಚ್ಚುವ ಹಕ್ಕೂ, ಕಳ್ಳಹೆಸರಿನವರ ಮೇಲೆ ಪರಿಹಾರ ಪಡೆಯುವ ಹಕ್ಕೂ ಬರುವದು. ಮೊದಲು 500 ರೂಪಾಯಿಗಳಿದ್ದ ಇದರ ದರಕಾಸ್ತಿನ ಶುಲ್ಕವನ್ನು 2020ರಲ್ಲಿ 10 ರೂಪಾಯಿಗೆ ಇಳಿಸಲಾಯಿತು. ಆದಕಾರಣ ಹಣವಿಲ್ಲವೆಂಬ ನೆವವು ಇಲ್ಲಿ ನಿಲ್ಲಲಾರದು. ಬೇಕಾದದ್ದು ದರಕಾಸ್ತನ್ನು ಸರಿಯಾಗಿ ಬರೆಯಬಲ್ಲ, ಆಕ್ಷೇಪಣೆಗೆ ಉತ್ತರ ಕೊಡಬಲ್ಲ, ಹತ್ತು ವರ್ಷಕ್ಕೊಮ್ಮೆ ನವೀಕರಣವನ್ನು ನೆನಪಿಡಬಲ್ಲ ತಿಳಿದವರ ಸಹಾಯವು.

ಕಾಲಹರಣದಿಂದ ಎಂಥ ಬಲಾಢ್ಯರೂ ಸೋಲುವರೆಂಬದಕ್ಕೆ ನಮ್ಮ ನಾಡಿನದೇ ಒಂದು ಖಟ್ಲೆಯು ಸಾಕ್ಷಿಯಾಗಿದೆ. ಬೆಂಗಳೂರಿನ ಖೋಡೆ ಡಿಸ್ಟಿಲರಿಯವರು 1968ರಿಂದ ‘ಪೀಟರ್ ಸ್ಕಾಟ್’ ಎಂಬ ಹೆಸರಿನಲ್ಲಿ ವಿಸ್ಕಿಯನ್ನು ಮಾರತೊಡಗಿದರು. ಸ್ಕಾಟ್ಲೆಂಡಿನ ವಿಸ್ಕಿ ವ್ಯಾಪಾರಿಗಳ ಸಂಘವು ಇದು ತಮ್ಮ ದೇಶದ ಹೆಸರಿನ ಅಪಹಾರವೆಂದು ಆಕ್ಷೇಪಿಸಿತು. ರಿಜಿಸ್ಟ್ರಾರರೂ ಮದ್ರಾಸ ಹೈಕೋರ್ಟೂ ಆ ಸಂಘದ ಪರವಾಗಿಯೇ ನಿರ್ಣಯಿಸಿದರು. ಆದರೆ 2008ರಲ್ಲಿ ಸುಪ್ರೀಮ್ ಕೋರ್ಟು ಆ ನಿರ್ಣಯವನ್ನು ತಿರುಗಿಸಿತು. ಅದಕ್ಕೆ ಮುಖ್ಯವಾದ ಕಾರಣವೇನೆಂದರೆ, ಈ ಹೆಸರಿನ ಸಂಗತಿಯು 1974ರಲ್ಲಿಯೇ ಸಂಘಕ್ಕೆ ತಿಳಿದಿದ್ದರೂ ಅವರು ಅರ್ಜಿ ಹಾಕಿದ್ದು 1986ರಲ್ಲಿ. ಹಣಕ್ಕೂ ವಕೀಲರಿಗೂ ಕೊರತೆಯಿಲ್ಲದ ಸಂಘವೇ ಹನ್ನೆರಡು ವರ್ಷ ಸುಮ್ಮನಿದ್ದುದಕ್ಕೆ ಇಂಥ ಬೆಲೆ ಕೊಟ್ಟಿತೆಂದ ಮೇಲೆ, ನಮ್ಮ ಕಸಬುದಾರರು ‘ನೋಡೋಣ, ಮುಂದಿನ ವರ್ಷ ನೋಡೋಣ’ ಎನ್ನುತ್ತ ಕುಳಿತರೆ ಗತಿಯೇನು?

ವಿನ್ಯಾಸದ ಹಕ್ಕಿನಲ್ಲಂತೂ ಒಂದು ದಿನದ ದುಡುಕೂ ಘಾತಕವಾಗುವದು. ಕಸಬುದಾರನೊಬ್ಬನು ಹೂದಾನಿಗೋ ಹುಕ್ಕಾಕ್ಕೋ ಹೊಸ ಆಕಾರವನ್ನು ಕಲ್ಪಿಸಿ, ಆ ಉತ್ಸಾಹದಲ್ಲಿ ಪ್ರದರ್ಶನಕ್ಕೆ ಇಟ್ಟನೆನ್ನೋಣ, ಅಥವಾ ಅದರ ಚಿತ್ರವನ್ನು ಎಲ್ಲರಿಗೂ ಕಾಣುವಂತೆ ಮೊಬೈಲಿನಲ್ಲಿ ಹರಿಯಬಿಟ್ಟನೆನ್ನೋಣ. 2000ದ ವಿನ್ಯಾಸ ಕಾಯಿದೆಯ ಪ್ರಕಾರ, ದರಕಾಸ್ತಿಗೆ ಮುಂಚೆ ಲೋಕಕ್ಕೆ ಪ್ರಕಟವಾದ ವಿನ್ಯಾಸವು ಹೊಸತಲ್ಲ. ನೋಂದಣಿಗೆ ಅರ್ಹವೂ ಅಲ್ಲ. ಸರಕಾರವು ಗೊತ್ತುಪಡಿಸಿದ ಪ್ರದರ್ಶನಗಳಿಗೆ, ಮುಂಚಿತವಾಗಿ ಸೂಚನೆ ಕೊಟ್ಟು ಆರು ತಿಂಗಳೊಳಗೆ ದರಕಾಸ್ತು ಹಾಕುವದಾದರೆ, ಮಾತ್ರ ವಿನಾಯಿತಿಯುಂಟು. ವರ್ಷಗಟ್ಟಲೆಯ ಯೋಚನೆಯ ಫಲವು ಹೀಗೆ ಒಂದು ಮುಂಜಾವಿನಲ್ಲಿ ಊರ ಸ್ವತ್ತಾಗಿಬಿಡುವದು. ನುರಿತ ವಕೀಲರಲ್ಲಿ ಮೊದಲೇ ಕೇಳಿದ್ದರೆ ಅವರು ಹೇಳುತ್ತಿದ್ದುದು ಒಂದೇ ಮಾತು: ಮೊದಲು ದರಕಾಸ್ತು, ಆಮೇಲೆ ಪ್ರದರ್ಶನ.

ಇನ್ನು ವರ್ತಕರ ಸಂಗತಿ. ನಮ್ಮ ಜಿಲ್ಲೆಯು ತೊಗರಿ, ಉದ್ದು, ಹೆಸರು, ಸೋಯಾಗಳ ಸೀಮೆಯು. ಮುಡಬಿಯಂಥ ಹೋಬಳಿಯ ಊರಿನಲ್ಲಿ ಒಬ್ಬ ವರ್ತಕನು ಬೇಳೆಯನ್ನು ಚೀಲಗಳಲ್ಲಿ ತುಂಬಿ ತನ್ನ ಹೆಸರಿನಿಂದ ಕಳಿಸಬೇಕೆಂದು ಹೊರಟನೆಂದು ಇಟ್ಟುಕೊಳ್ಳೋಣ. ಮೊದಲು ಅವನ ಮನಸ್ಸಿಗೆ ಹೊಳೆಯುವದು ಊರ ಹೆಸರು, ಇಲ್ಲವೆ ದೇವರ ಹೆಸರು. ಭಕ್ತಿಯ ದೃಷ್ಟಿಯಿಂದ ಅದು ಯೋಗ್ಯವೇ. ಕಾಯಿದೆಯ ದೃಷ್ಟಿಯಿಂದ ದುರ್ಬಲವು. ಮಾಲು ಹುಟ್ಟಿದ ಊರನ್ನಷ್ಟೇ ಸೂಚಿಸುವ ಹೆಸರನ್ನು ಒಬ್ಬನ ಟ್ರೇಡ್‌ಮಾರ್ಕೆಂದು ನೋಂದಿಸಲು ಸಾಧಾರಣವಾಗಿ ಒಪ್ಪುವದಿಲ್ಲ. ಊದಬತ್ತಿಗೆ ‘ರಾಮಾಯಣ’ ಎಂಬ ಹೆಸರನ್ನು ಒಬ್ಬನ ಸ್ವತ್ತಾಗಿ ಮಾಡಿಕೊಳ್ಳಲಾಗದೆಂದು ಸುಪ್ರೀಮ್ ಕೋರ್ಟು 2015ರಲ್ಲಿ ತೀರ್ಪಿತ್ತಿತು. 1985ರಿಂದ ಹಾಲಿಗೆ ‘ನಂದಿನಿ’ ಎಂಬ ಹೆಸರನ್ನು ಬಳಸುತ್ತ ಬಂದ ಕರ್ನಾಟಕ ಸಹಕಾರಿ ಹಾಲು ಮಹಾಮಂಡಳವು, 1989ರಿಂದ ಅದೇ ಬಗೆಯ ಹೆಸರಿನಲ್ಲಿ ನಡೆದ ಉಪಾಹಾರಗೃಹದವರ ನೋಂದಣಿಯನ್ನು ವಿರೋಧಿಸಿ, 2018ರಲ್ಲಿ ಅದೇ ನ್ಯಾಯಾಲಯದಲ್ಲಿ ಸೋತಿತು. ನಂದಿನಿಯೆಂಬದು ಪುರಾಣದ ಗೋವಿನ ಹೆಸರು, ಯಾರೊಬ್ಬರೂ ಹೊಸದಾಗಿ ಕಟ್ಟಿದ್ದಲ್ಲ. ಆದುದರಿಂದ ಬೇರೆ ಬಗೆಯ ಮಾಲಿನ ಮೇಲೆಲ್ಲ ಒಬ್ಬರದೇ ಅಧಿಕಾರವು ನಡೆಯದೆಂಬದು ಆ ತೀರ್ಪಿನ ಸಾರವು. ಲಕ್ಷಾವಧಿ ರೈತರ ಸಂಸ್ಥೆಗೇ ಹೀಗಾದರೆ, ಮುಡಬಿಯ ವರ್ತಕನು ಚೀಲದ ಮೇಲೆ ಮುದ್ರೆ ಒತ್ತಿಸುವ ಮುಂಚೆ ಒಂದು ಗಳಿಗೆ ತಿಳಿದವರನ್ನು ಕೇಳುವದು ಲೇಸಲ್ಲವೆ?

ದರಕಾಸ್ತನ್ನು ಹಾಕಿದ ಬಳಿಕವೂ ದಾರಿಯು ನಿಷ್ಕಂಟಕವಾಗಿರುವದಿಲ್ಲ. ಟ್ರೇಡ್‌ಮಾರ್ಕಿನ ಪರೀಕ್ಷಾ ವರದಿಯು ಕೈಸೇರಿದ 30 ದಿನಗಳೊಳಗೆ ಉತ್ತರ ಕೊಡಬೇಕು. ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ 4 ತಿಂಗಳವರೆಗೆ ಯಾರಾದರೂ ವಿರೋಧಿಸಬಹುದು. ವಿರೋಧದ ನೋಟೀಸು ಬಂದು 2 ತಿಂಗಳೊಳಗೆ ಪ್ರತಿಹೇಳಿಕೆಯನ್ನು ಸಲ್ಲಿಸದಿದ್ದರೆ ದರಕಾಸ್ತನ್ನು ಬಿಟ್ಟುಕೊಟ್ಟಂತೆಯೇ ಎಣಿಸಲಾಗುವದು. ಸತ್ಯವು ನಮ್ಮ ಕಡೆಗಿದ್ದೂ ಮುದ್ದತು ಮೀರಿತೆಂಬ ಒಂದೇ ಕಾರಣದಿಂದ ಹಕ್ಕು ಹೋಗುವದೆಂದರೆ ಅದಕ್ಕಿಂತ ದುಃಖಕರವಾದದ್ದು ಯಾವದು? ಅದಲ್ಲದೆ ನೋಂದಣಿಯ ಕಚೇರಿಯು ನಮಗೆ ಚೆನ್ನೈಯಲ್ಲಿದೆ. ದಾವೆಯನ್ನಾದರೋ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ಹೂಡುವಂತಿಲ್ಲ. 2021ರಲ್ಲಿ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿಯನ್ನು ತೆಗೆದುಹಾಕಿದ ತರುವಾಯ ರಿಜಿಸ್ಟ್ರಾರರ ಆಜ್ಞೆಯ ಮೇಲಿನ ಅಪೀಲುಗಳು ಹೈಕೋರ್ಟುಗಳಿಗೆ ಹೋಗುತ್ತಿವೆ. 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಬೆಲೆಯ ವ್ಯಾಜ್ಯಗಳು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಗೆ ಒಳಪಡುವವು. ಅವುಗಳಲ್ಲಿ ತುರ್ತಿನ ತಡೆಯಾಜ್ಞೆಯ ಬೇಡಿಕೆಯಿಲ್ಲದಿದ್ದರೆ ದಾವೆಗೆ ಮುಂಚೆ ಮಧ್ಯಸ್ಥಿಕೆಯ ಮೆಟ್ಟಿಲನ್ನು ಹತ್ತಲೇಬೇಕು. ಇವೆಲ್ಲವುಗಳ ನಡುವೆ ಬಡವನಿಗೆ ಅನುಕೂಲವಾದ ಒಂದು ನಿಯಮವೂ ಇದೆ. ನೋಂದಿತವಾದ ಗುರುತಿನ ಅಪಹಾರವು ಎಲ್ಲಿಯೇ ನಡೆದಿರಲಿ, ಹಕ್ಕುಳ್ಳವನು ತಾನು ವಾಸಮಾಡುವ ಇಲ್ಲವೆ ವ್ಯಾಪಾರ ನಡೆಸುವ ಜಿಲ್ಲೆಯಲ್ಲಿ ದಾವೆ ಹೂಡಲು ಕಾಯಿದೆಯು ಆಸ್ಪದವಿತ್ತಿದೆ. ಅದರ ಮಿತಿಗಳನ್ನು ನ್ಯಾಯಾಲಯಗಳು ತೀರ್ಪುಗಳಲ್ಲಿ ಗೊತ್ತುಪಡಿಸಿರುವವು. ಅವನ್ನು ಬಲ್ಲವರು ಅನುಭವಿ ವಕೀಲರೇ ಸರಿ.

ಸ್ವದೇಶಿಯ ಅಭಿಮಾನವುಳ್ಳ ನಮ್ಮ ವಾಚಕರು ಅರಿಸಿನದ ಕಥೆಯನ್ನು ನೆನೆಯಬೇಕು. ಗಾಯಕ್ಕೆ ಅರಿಸಿನ ಹಚ್ಚುವದನ್ನು ನಮ್ಮ ಅಜ್ಜಿಯರೆಲ್ಲ ಬಲ್ಲರು. ಆದರೂ 1995ರಲ್ಲಿ ಅಮೇರಿಕದ ಒಂದು ವಿಶ್ವವಿದ್ಯಾಲಯಕ್ಕೆ ಅದರ ಮೇಲೆ ಪೇಟೆಂಟು ದೊರೆಯಿತು. ನಮ್ಮ ದೇಶದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತಿನವರು ಹಳೆಯ ಗ್ರಂಥಗಳ ಆಧಾರಗಳನ್ನು ಹುಡುಕಿ ಪ್ರಶ್ನಿಸಿದ್ದರಿಂದ 1997ರಲ್ಲಿ ಅದು ರದ್ದಾಯಿತು. ಬೇವಿನೆಣ್ಣೆಯ ಪೇಟೆಂಟೊಂದನ್ನು ಯೂರೋಪಿನ ಪೇಟೆಂಟ್ ಕಚೇರಿಯು 2000ದಲ್ಲಿ ರದ್ದುಮಾಡಿ, 2005ರಲ್ಲಿ ಅದೇ ನಿರ್ಣಯವನ್ನು ಎತ್ತಿಹಿಡಿಯಿತು. ಈ ಎರಡರಲ್ಲಿಯೂ ಸಭೆ, ಮೆರವಣಿಗೆ, ಠರಾವುಗಳಿಂದಷ್ಟೇ ಜಯವು ಬರಲಿಲ್ಲ. ಕಾಯಿದೆಯನ್ನು ಬಲ್ಲವರು ದಾಖಲೆಯ ಮೇಲೆ ದಾಖಲೆಯನ್ನಿಟ್ಟು ವಾದಿಸಿದ್ದರಿಂದ ಬಂದಿತು. ದೇಶಾಭಿಮಾನಕ್ಕೂ ಒಳ್ಳೆಯ ವಕಾಲತ್ತು ಬೇಕಾಗುವದು.

ಹಾಗಾದರೆ ಎಂಥವರನ್ನು ನೇಮಿಸಿಕೊಳ್ಳಬೇಕು? ಕ್ರಿಮಿನಲ್ ಖಟ್ಲೆಯಲ್ಲಿ ಸಿಂಹದಂತೆ ಗರ್ಜಿಸುವವರು ಟ್ರೇಡ್‌ಮಾರ್ಕಿನ ಕಡತವನ್ನು ಎಂದೂ ತೆರೆದಿರದೆ ಇರಬಹುದು. ಆದುದರಿಂದ ಹೆಸರುವಾಸಿಯನ್ನು ನೋಡದೆ, ಈ ಬಗೆಯ ಕೆಲಸಗಳನ್ನು ಎಷ್ಟು ಮಾಡಿರುವರು, ವಿರೋಧದ ವಿಚಾರಣೆಗಳಲ್ಲಿ ಎಷ್ಟು ಸಲ ನಿಂತಿರುವರು, ತಡೆಯಾಜ್ಞೆಯನ್ನು ತಂದ ಅನುಭವವುಂಟೇ ಎಂದು ಸಂಕೋಚವಿಲ್ಲದೆ ಕೇಳಬೇಕು. ಟ್ರೇಡ್‌ಮಾರ್ಕ್ ಏಜಂಟರು ರಿಜಿಸ್ಟ್ರಾರರ ಮುಂದೆ ದರಕಾಸ್ತು ನಡೆಸಬಲ್ಲರು. ವಕೀಲರಲ್ಲದಿದ್ದರೆ ನಿಮ್ಮ ಪರವಾಗಿ ಕೋರ್ಟಿನಲ್ಲಿ ವಾದಿಸಲಾರರು. ಪೇಟೆಂಟ್ ಏಜಂಟರಿಗೆ ವಿಜ್ಞಾನದ ಇಲ್ಲವೆ ತಾಂತ್ರಿಕ ಶಿಕ್ಷಣದ ಪದವಿಯು ಬೇಕು. ನಿಮ್ಮ ಕೆಲಸಕ್ಕೆ ಯಾರು ಬೇಕೆಂಬದನ್ನು ಮೊದಲು ತಿಳಿಯಿರಿ. ಸರಕಾರದ ಶುಲ್ಕವೆಷ್ಟು, ವಕೀಲರ ಫೀ ಎಷ್ಟು ಎಂಬದನ್ನು ಬೇರೆ ಬೇರೆಯಾಗಿ ಕಾಗದದ ಮೇಲೆ ಬರೆಸಿಕೊಳ್ಳಿರಿ. ದರಕಾಸ್ತು ನಿಮ್ಮ ಹೆಸರಿನಲ್ಲಿಯೇ ಇರಲಿ; ಅದರ ನಂಬರು ನಿಮ್ಮ ಕೈಯಲ್ಲಿರಲಿ; ನೋಟೀಸಿನ ನಕಲು ನಿಮಗೂ ಬರುವಂತಿರಲಿ.

ಇನ್ನೂ ಕೆಲವು ಲಕ್ಷಣಗಳುಂಟು. ನಮ್ಮ ದೇಶದ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ವಕೀಲರು ಜಾಹೀರಾತಿನಿಂದ ಕಕ್ಷಿದಾರರನ್ನು ಕರೆಯುವಂತಿಲ್ಲ. ಗೆದ್ದರೆ ಇಷ್ಟು ಪಾಲು ಎಂದು ಕರಾರು ಮಾಡಿಕೊಳ್ಳುವಂತೆಯೂ ಇಲ್ಲ. ಆದುದರಿಂದ ‘ನೂರಕ್ಕೆ ನೂರು ಗೆಲ್ಲಿಸಿಕೊಡುವೆ, ಬಂದ ಹಣದಲ್ಲಿ ಅರ್ಧ ಕೊಡು’ ಎನ್ನುವವರಿಂದ ದೂರವಿರುವದೇ ಕ್ಷೇಮವು. ಬಲವಿಲ್ಲದ ಖಟ್ಲೆಯನ್ನು ಹೂಡಬೇಡವೆಂದು ಮುಖದ ಮೇಲೆ ಹೇಳಿ, ಒಂದು ನೋಟೀಸಿನಿಂದ ಮುಗಿಯುವದನ್ನು ನೋಟೀಸಿನಿಂದಲೇ ಮುಗಿಸುವ ವಕೀಲರು ದೊರೆತರೆ ಅವರನ್ನು ಬಿಡಬಾರದು. ಕಕ್ಷಿದಾರನು ಹೇಳಿದ ಗುಟ್ಟನ್ನು ಕಾಯಲು ವಕೀಲರು ಕಾಯಿದೆಯಿಂದ ಬದ್ಧರು. ಆದಕಾರಣ ಅವರ ಮುಂದೆ ಅನುಕೂಲವಾದದ್ದನ್ನೂ ಪ್ರತಿಕೂಲವಾದದ್ದನ್ನೂ ಮುಚ್ಚಿಡದೆ ಹೇಳಬೇಕು. ವೈದ್ಯನ ಮುಂದೆ ರೋಗವನ್ನು ಮರೆಮಾಡಿದವನಿಗೆ ಔಷಧವು ಹತ್ತೀತೇ?

ಬಡ ಕಸಬುದಾರನು ಇಷ್ಟೊಂದು ವೆಚ್ಚವನ್ನು ಹೇಗೆ ತಾಳಿಕೊಳ್ಳುವನೆಂದು ಕೆಲವರು ಕೇಳುವರು. ಪ್ರಶ್ನೆಯು ನ್ಯಾಯವಾದದ್ದು, ಕುಲುಮೆಯ ಮುಂದೆ ದಿನವಿಡೀ ಕುಳಿತು ಸಂಸಾರವನ್ನು ಸಾಗಿಸುವವನಿಗೆ ಚೆನ್ನೈಯ ದಾರಿಯನ್ನು ತೋರಿಸುವದು ಅಪಹಾಸ್ಯವೇ ಆದೀತು. ನಿಗಮವೇ ಎಲ್ಲವನ್ನೂ ನೋಡಿಕೊಳ್ಳಲಿ ಎಂದು ಇನ್ನು ಕೆಲವರು ಅನ್ನುವರು. ನಿಗಮವು ತನ್ನ ಕರ್ತವ್ಯವನ್ನು ಮಾಡಲೇಬೇಕು. ಆದರೆ ತನ್ನ ಕಣದ ಕಾವಲನ್ನು ಪೂರ್ತಿಯಾಗಿ ಬೇರೆಯವರಿಗೆ ಒಪ್ಪಿಸಿ ಮಲಗುವ ರೈತನುಂಟೇ? ನಮಗೆ ತೋರುವ ದಾರಿಯು ಹೀಗಿದೆ. ಬಿದರಿಯ ಕಸಬುದಾರರು ಒಂದು ಸಂಘವಾಗಿ ಕೂಡಿ, ತಿಂಗಳಿಗೆ ಒಬ್ಬೊಬ್ಬರು ಅಲ್ಪಸ್ವಲ್ಪ ವರ್ಗಣಿಯನ್ನು ಹಾಕಿ, ಇಂಥ ಒಬ್ಬ ವಕೀಲರನ್ನು ವರ್ಷದ ಕರಾರಿನ ಮೇಲೆ ಇಟ್ಟುಕೊಳ್ಳಲಿ. ಬಸವಕಲ್ಯಾಣ ಹುಮನಾಬಾದಗಳ ವರ್ತಕರೂ, ಮುಡಬಿಯಂಥ ಊರುಗಳ ಸಹಕಾರಿ ಸಂಘಗಳೂ ಇದೇ ರೀತಿ ಮಾಡಲಿ. ವಕೀಲರು ವರ್ಷಕ್ಕೆ ಎರಡು ಸಲವಾದರೂ ಬಂದು ಕುಳಿತು ಒಬ್ಬೊಬ್ಬರ ಕಾಗದಗಳನ್ನು ನೋಡಲಿ. ಯಾವ ಹೊಸ ವಿನ್ಯಾಸವನ್ನು ನೋಂದಿಸಬೇಕು, ಯಾವ ಮುದ್ದತು ಸಮೀಪಿಸಿದೆ, ಪೇಟೆಯಲ್ಲಿ ಯಾರು ಹೆಸರನ್ನು ಕದ್ದಿರುವರು ಎಂಬದರ ಪಟ್ಟಿಯನ್ನು ಸಂಘದ ಪುಸ್ತಕದಲ್ಲಿ ಬರೆದಿಡಲಿ. ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಆದಾಯವು ಗೊತ್ತಾದ ಮಿತಿಯೊಳಗಿರುವವರಿಗೂ 1987ರ ಕಾಯಿದೆಯಂತೆ ಉಚಿತವಾದ ಕಾನೂನು ನೆರವು ದೊರೆಯುವದು. ಬೀದರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲನ್ನು ಈ ಕೆಲಸಕ್ಕಾಗಿಯೂ ತಟ್ಟಬಹುದೆಂಬದನ್ನು ಜನರಿಗೆ ತಿಳಿಸಿಕೊಡಬೇಕಾದವರು ಓದುಬರಹ ಬಲ್ಲ ನಮ್ಮ ಪಟ್ಟಣಿಗರು.

ಅಧಿಕಾರಿಗಳಲ್ಲಿಯೂ ನಮ್ಮದೊಂದು ವಿನಂತಿಯುಂಟು. ಪ್ರದರ್ಶನಗಳನ್ನು ಏರ್ಪಡಿಸುವಾಗ, ಹೊಸ ವಿನ್ಯಾಸಗಳಿಗೆ ಮೊದಲು ದರಕಾಸ್ತು ಹಾಕಿರುವರೇ ಎಂದು ಕಸಬುದಾರರನ್ನು ಒಂದು ಮಾತು ಕೇಳುವ ಪದ್ಧತಿಯನ್ನು ಅವರು ಹಾಕಿಕೊಡಲಿ. ಅಧಿಕೃತ ಬಳಕೆದಾರರ ದರಕಾಸ್ತಿನ ಫಾರ್ಮುಗಳನ್ನು ಕನ್ನಡದಲ್ಲಿ ವಿವರಿಸಿ ಹೇಳುವ ಶಿಬಿರಗಳನ್ನು ಬೀದರಿನ ಓಣಿಗಳಲ್ಲಿಯೇ ನಡೆಸಲಿ. ನಿಗಮದವರು ಬಿದರಿಯ ಹೆಸರಿನ ಕಾವಲಿಗಾಗಿ ವರ್ಷವರ್ಷವೂ ಏನು ಮಾಡಿದರೆಂಬ ವರದಿಯನ್ನು ಆ ಕಸಬಿನವರ ಮುಂದಿಡಲಿ. ಇವುಗಳಿಗೆ ದೊಡ್ಡ ಹಣವೂ ಹೊಸ ಕಾಯಿದೆಯೂ ಬೇಕಾಗಿಲ್ಲ.

ಉಳಿಯನ್ನು ಹಿಡಿದ ಕೈಗಳು ವಾರಗಟ್ಟಲೆ ದುಡಿದು ಒಂದು ಹೂದಾನಿಯನ್ನು ಮುಗಿಸುವವು. ಆ ಕೈಗಳಿಗೆ ಸಲ್ಲಬೇಕಾದ ಬೆಲೆಯು ಸಲ್ಲದಿದ್ದರೆ ಮಕ್ಕಳು ಆ ಉಳಿಯನ್ನು ಹಿಡಿಯಲಾರರು. ಮಕ್ಕಳು ಹಿಡಿಯದಿದ್ದರೆ ಕೋಟೆಯ ಮಣ್ಣಿನ ರುಚಿಯನ್ನು ಬಲ್ಲವರೂ ಉಳಿಯಲಾರರು. ಬಿದರಿಯ ಸಂಘದವರು ಈ ವರ್ಷದ ಸಭೆಯಲ್ಲಿಯೇ ವಕೀಲರ ನೇಮಕದ ವಿಷಯವನ್ನು ಮೊದಲನೆಯ ಠರಾವಾಗಿ ತೆಗೆದುಕೊಳ್ಳುವರೆಂದೂ, ಬಸವಕಲ್ಯಾಣ, ಹುಮನಾಬಾದ, ಮುಡಬಿಗಳ ಮಹಾಜನರು ತಮ್ಮ ತಮ್ಮ ಕಸಬು ವ್ಯಾಪಾರಗಳ ಸಲುವಾಗಿ ಅವರನ್ನು ಅನುಸರಿಸುವರೆಂದೂ ನಾವು ನಂಬಿರುವೆವು.